ಪೆಟ್ರೋಲಿಗೂ ಬೇಕು ಕನ್ನಂಬಾಡಿಯ ಬಾಗಿಲು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆಯ ಮಕ್ಕಳಿಗೆ ಕನ್ನಂಬಾಡಿ ಕಟ್ಟೆ ಹೊಸದಲ್ಲ. ನೀರು ಗೊತ್ತಾದ ಮಟ್ಟ ಮೀರಿದಾಗ ತಾನೇ ತೆರೆದು, ಇಳಿದಾಗ ತಾನೇ ಮುಚ್ಚುವ ಬಾಗಿಲನ್ನು ಸರ್ ಎಂ. ವಿಶ್ವೇಶ್ವರಯ್ಯನವರು 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಅಳವಡಿಸಿದರು. ಮುಂದೆ ಅದು ಕನ್ನಂಬಾಡಿಗೂ ಬಂತು. ಕಾರಿನ ಫ್ಯೂಯಲ್ ಪ್ರೆಷರ್ ರೆಗ್ಯುಲೇಟರ್ ಮಾಡುವುದೂ ಇದೇ ಕೆಲಸ.

ಪಂಪು ತಳ್ಳುವ ಪೆಟ್ರೋಲ್ ಒಂದು ತೆಳು ಪೊರೆಯನ್ನು ಒತ್ತುತ್ತದೆ. ಹಿಂದಿನಿಂದ ಸ್ಪ್ರಿಂಗ್ ತಡೆಯುತ್ತದೆ. ಒತ್ತಡ ಮೀರಿದರೆ ಪೊರೆ ಸರಿದು, ಹೆಚ್ಚಿನ ಪೆಟ್ರೋಲ್ ಟ್ಯಾಂಕಿಗೆ ಮರಳುತ್ತದೆ. ಅನೇಕ ಕಾರುಗಳಲ್ಲಿ ಈ ಒತ್ತಡ ಸುಮಾರು 3 ಬಾರ್.

ಎಂಜಿನ್ ಟ್ಯೂನ್ ಮಾಡಿಸಿದ ಯುವಕರು ತಿರುಪಿನಿಂದ ಒತ್ತಡ ಬದಲಿಸಬಹುದಾದ ಬೇರೆ ರೆಗ್ಯುಲೇಟರ್ ಹಾಕಿಸುವುದುಂಟು. ತಿರುಪು ಬಿಗಿದಷ್ಟೂ ಶಕ್ತಿ ಎಂಬುದು ಭ್ರಮೆ. ಒತ್ತಡ ಇಮ್ಮಡಿಯಾದರೂ ಇಂಜೆಕ್ಟರಿನಿಂದ ಹರಿಯುವ ಪೆಟ್ರೋಲ್ ಹೆಚ್ಚುವುದು ಸುಮಾರು ಶೇ. 41 ಮಾತ್ರ. ಪೆಟ್ರೋಲ್ ಅತಿಯಾದರೆ ಕಪ್ಪು ಹೊಗೆ; ಸಾಲದಾದರೆ ಪಿಸ್ಟನ್ನಿಗೇ ಕುತ್ತು.

ಪೈಪಿನಲ್ಲಿ ಉಳಿದ ಒತ್ತಡ ಇಳಿಸದೆ ಏನನ್ನೂ ಬಿಚ್ಚಬಾರದು. ಜೋಡಿಸಿದ ಮೇಲೆ ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪು ಕಳಚಿ, ಅದರ ಬಾಯಿ ಮುಚ್ಚಿ, ಗೇಜು ನೋಡಿ ಒತ್ತಡ ಹೊಂದಿಸಬೇಕು. ಬಳಿಕ ಪೈಪನ್ನು ಮತ್ತೆ ಸಿಕ್ಕಿಸಬೇಕು. ಹನಿ ಸೋರಿದರೂ ಬೆಂಕಿಯ ಭಯ. ಇದು ಅನುಭವಿ ಮೆಕ್ಯಾನಿಕ್ ಮಾಡುವ ಕೆಲಸ.

ನೋಂದಣಿ ಪತ್ರದ ವಿವರಕ್ಕೆ ಹೊಂದದಂತೆ ವಾಹನ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. ಎಂಜಿನ್ನಿಗೆ ಕೈಹಾಕುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಲೇಸು.

ಹೆತ್ತವರೇ, ಮಗ ಬಾನೆಟ್ ಎತ್ತಿದರೆ ಗದರಬೇಡಿ. ‘ಗೇಜು ಎಷ್ಟು ತೋರಿಸುತ್ತಿದೆ?’ ಎಂದು ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ ತಿರುಪು ಮುಟ್ಟುವ ಹೊತ್ತು ಅವನಿಗಿನ್ನೂ ಬಂದಿಲ್ಲ.