‘ಬುದ್ಧೀ’ಯಿಂದ ‘ಬಹುಪರಾಕ್’ವರೆಗೆ

ಹಳೇ ಮೈಸೂರು ಸೀಮೆಯ ಜಮೀನ್ದಾರರ ಜಗಲಿ ಮುಂದೆ ನಿಂತ ಆಳು ಯಜಮಾನನ ಹೆಸರೆತ್ತುತ್ತಿರಲಿಲ್ಲ. ಹೆಗಲ ಮೇಲಿನ ವಲ್ಲಿ ಕಂಕುಳಿಗಿಳಿಸಿ ‘ಬುದ್ಧೀ’ ಎನ್ನುತ್ತಿದ್ದ, ಮೇಲಿನಿಂದ ‘ಏನ್ಲಾ?’ ಎಂದು ಬರುತ್ತಿತ್ತು. ಎರಡೇ ಮಾತಿನಲ್ಲಿ ಇಬ್ಬರ ಜಾಗವೂ ಗೊತ್ತಾಗಿಬಿಡುತ್ತಿತ್ತು.

ಮಾಗಡಿ, ಚನ್ನಪಟ್ಟಣಗಳ ಸುತ್ತಲಿನ ನಾಡಿನಲ್ಲಿ ಈ ಸಂಬೋಧನೆಗಳ ಏಣಿ ಬಹಳ ಎತ್ತರದ್ದು. ಊರಿಗೆ ಗೌಡ, ಪಟೇಲ, ಶಾನುಭೋಗ. ಅವರ ಮೇಲೆ ಪಾಳೆಯಗಾರರು. ಮಾಗಡಿಯಲ್ಲಿ ಆಳಿದ ಕೆಂಪೇಗೌಡರ ವಂಶದವರು ವಿಜಯನಗರದ ಸಾಮಂತರಾಗಿ ‘ಯಲಹಂಕ ನಾಡಪ್ರಭು’ಗಳೆನಿಸಿದ್ದರು. ಪಕ್ಕದ ಚನ್ನಪಟ್ಟಣದಲ್ಲಿ ಜಗದೇವರಾಯನ ಮನೆತನವಿತ್ತು. ಮೈಸೂರಿನವರು 1630ರಲ್ಲಿ ಚನ್ನಪಟ್ಟಣವನ್ನೂ 1728ರಲ್ಲಿ ಮಾಗಡಿ, ಸಾವನದುರ್ಗಗಳನ್ನೂ ಗೆದ್ದುಕೊಂಡರು. ರಾಯರು, ಪ್ರಭುಗಳು ಹೋಗಿ ‘ಒಡೆಯರು’ ಉಳಿದರು.

ಯಾರು ಯಾರ ಕೈಕೆಳಗಿದ್ದರು ಎಂಬುದನ್ನು ಶಾಸನಗಳ ಬಿರುದುಗಳೇ ಹೇಳುತ್ತವೆ. ಹೊಯ್ಸಳ ವಿಷ್ಣುವರ್ಧನ ಚೋಳರಿಂದ ತಲಕಾಡನ್ನು ಕಸಿದು ‘ತಲಕಾಡುಗೊಂಡ’ ಎನಿಸಿಕೊಂಡ ವೀರ. ಆದರೂ ಕಾಗದದ ಮೇಲೆ ಅವನು ಚಾಲುಕ್ಯರ ‘ಮಹಾಮಂಡಲೇಶ್ವರ’ನೇ, ‘ತ್ರಿಭುವನಮಲ್ಲ’ ಎಂಬ ಅವನ ಬಿರುದೂ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನದ್ದು. ಚಕ್ರವರ್ತಿಯ ಬಿರುದುಗಳನ್ನು ರಾಜಾರೋಷವಾಗಿ ಧರಿಸಲು ಮೊಮ್ಮಗ ಇಮ್ಮಡಿ ಬಲ್ಲಾಳ ಬರಬೇಕಾಯಿತು, ಅದೂ 1192ರ ಹೊತ್ತಿಗೆ.

ಮೈಸೂರು ಅರಮನೆಯಲ್ಲಿ ಹೆಸರಷ್ಟೇ ಅಲ್ಲ, ಕ್ರಿಯಾಪದವೂ ಬೇರೆ. ಮಹಾಸ್ವಾಮಿಯವರು ಬರುವುದಿಲ್ಲ, ‘ದಯಮಾಡಿಸುತ್ತಾರೆ’. ಹೇಳುವುದಿಲ್ಲ, ‘ಅಪ್ಪಣೆ ಕೊಡಿಸುತ್ತಾರೆ’. ಪ್ರಜೆ ಮಾತಾಡುವಂತಿಲ್ಲ, ‘ಬಿನ್ನವಿಸಿಕೊಳ್ಳಬೇಕು’. ಪಾರಸಿಯಿಂದ ಬಂದ ‘ಖಾವಂದ್’ ಕೂಡ ಈ ಸಾಲಿಗೆ ಸೇರಿತು. ಧರ್ಮಸ್ಥಳದ ಹೆಗ್ಗಡೆಯವರನ್ನು ಭಕ್ತರು ಇಂದಿಗೂ ‘ಖಾವಂದರು’ ಎನ್ನುತ್ತಾರೆ. ದಸರಾ ದರ್ಬಾರಿನಲ್ಲಿ ‘ಬಹುಪರಾಕ್’ ಕೂಗು ಮೊಳಗುತ್ತಿತ್ತು. ಅದೇ ದೊರೆ ಬ್ರಿಟಿಷರ ಕಡತದಲ್ಲಿ 21 ತೋಪಿನ ಮರ್ಯಾದೆಯ ‘ಹಿಸ್ ಹೈನೆಸ್’. ‘ಮೆಜೆಸ್ಟಿ’ ಮಾತ್ರ ಲಂಡನ್ನಿನ ಸಿಂಹಾಸನಕ್ಕೇ ಮೀಸಲು!

ದೊರೆಗಳು ಬಿರುದು ಹಂಚುವವರೂ ಹೌದು. ಬಿ.ಎಂ.ಶ್ರೀಕಂಠಯ್ಯನವರಿಗೆ ‘ರಾಜಸೇವಾಸಕ್ತ’ ಎಂಬ ಬಿರುದು ಬಂದದ್ದು ಮೈಸೂರು ಅರಮನೆಯಿಂದಲೇ.

ಕಾನೂನು ಈ ಏಣಿಯ ಮೆಟ್ಟಿಲುಗಳನ್ನು ಒಂದೊಂದಾಗಿ ಕಿತ್ತಿತು. ಸಂವಿಧಾನದ 18ನೇ ವಿಧಿ ಸರ್ಕಾರ ಬಿರುದು ಕೊಡುವುದನ್ನು ನಿಷೇಧಿಸಿತು. ಸೈನ್ಯ ಮತ್ತು ವಿದ್ಯೆಯ ಪದವಿಗಳಿಗೆ ಮಾತ್ರ ವಿನಾಯಿತಿ. 1961ರ ರಾಜ್ಯ ಕಾಯ್ದೆ ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆಗಳನ್ನು ರದ್ದುಗೊಳಿಸಿತು. 1971ರ 26ನೇ ತಿದ್ದುಪಡಿ ರಾಜರ ಮಾನ್ಯತೆ, ರಾಜಧನ ಎರಡನ್ನೂ ತೆಗೆದುಹಾಕಿತು. ಹಳ್ಳಿಯ ಜಗಲಿಯನ್ನು ಅಲುಗಾಡಿಸಿದ್ದು 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ. ಗೇಣಿದಾರನೇ ಹೊಲದ ಒಡೆಯನಾದ ಮೇಲೆ ‘ಬುದ್ಧೀ’ ಎನ್ನುವ ದರ್ದು ಕಡಿಮೆಯಾಯಿತು. ಅದನ್ನು ಜಾರಿಗೆ ತಂದ ಮುಖ್ಯಮಂತ್ರಿಯ ಹೆಸರು ದೇವರಾಜ ಅರಸು.

ಹಾಗೆಂದು ಎಲ್ಲವೂ ಮಾಯವಾಗಿಲ್ಲ. ‘ಪಟೇಲರ ಮನೆ ಯಾವುದು?’ ಎಂದು ಕೇಳಿದರೆ ದಾರಿ ತೋರಿಸುವವರು ಈ ಸೀಮೆಯ ಹಳ್ಳಿಗಳಲ್ಲಿ ಈಗಲೂ ಸಿಗುತ್ತಾರೆ. ಬೆಂಗಳೂರಿನ ಮೆಜೆಸ್ಟಿಕ್ ಮೆಟ್ರೊ ನಿಲ್ದಾಣಕ್ಕೆ ‘ನಾಡಪ್ರಭು ಕೆಂಪೇಗೌಡ’ರ ಹೆಸರಿದೆ. ಪದ್ಮ ಪ್ರಶಸ್ತಿಗಳು ಬಿರುದುಗಳಲ್ಲ, ಅವನ್ನು ಹೆಸರಿನ ಹಿಂದೆ ಮುಂದೆ ಸೇರಿಸಿಕೊಳ್ಳಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲಿ. ಸನ್ಮಾನ ಸಮಾರಂಭಗಳ ಆಹ್ವಾನ ಪತ್ರಿಕೆಗಳಿಗೆ ಆ ತೀರ್ಪು ಇನ್ನೂ ತಲುಪಿದಂತಿಲ್ಲ.