ದೂರದಿಂದ ಬಂದವರಿಗೆ ಮೊದಲು ನಿದ್ದೆ, ಆಮೇಲೆ ಕೋಟೆ

ಬಸವಕಲ್ಯಾಣ-ಹುಮನಾಬಾದ್ ನಡುವೆ ನಮ್ಮದು ಆರು ಎಕರೆ ಒಣ ಬೇಸಾಯ. ಉದ್ದು, ಸೋಯಾ, ತೊಗರಿ, ಹಿಂಗಾರಿಗೆ ಬಿಳಿಜೋಳ. 2025ರ ಆಗಸ್ಟ್-ಸೆಪ್ಟೆಂಬರ್ ಮಳೆಗೆ ಉದ್ದು, ಸೋಯಾ ನಿಂತಲ್ಲೇ ಕೊಳೆತವು. ಆ ವರ್ಷ ತೊಗರಿ ಕೊಯ್ಲಿನ ಕೂಲಿ ರೊಕ್ಕ ಬಂದದ್ದು ಹೊಲದ ಮನೆಯ ಒಂದು ಖೋಲಿಯಿಂದ. ಪರವೂರಿನವರಿಗೆ ಅದನ್ನು ದಿನದ ಬಾಡಿಗೆಗೆ ಕೊಡುತ್ತೇವೆ. ಶರಣರ ಊರು ನೋಡಲು ವಿದೇಶದ ಕನ್ನಡಿಗರೂ ಬರುತ್ತಾರೆ. ಹೀಗೆ ಖೋಲಿ ಕೊಡುವ ವಿಚಾರ ಇರುವ ರೈತರಿಗೆ ನಮ್ಮ ಅನುಭವ ಹೇಳುತ್ತೇನೆ.

ಡಿಸೆಂಬರಿನಲ್ಲಿ ಲಂಡನ್ನಿನಿಂದ ಒಂದು ಕುಟುಂಬ ಬಂತು. ಮಗ, ಸೊಸೆ, ಎಪ್ಪತ್ತು ದಾಟಿದ ತಾಯಿ. ಮೂರು ತಾಸು ಮೊದಲೇ ವಿಮಾನ ನಿಲ್ದಾಣ ಸೇರಬೇಕು, ಆಕಾಶದಲ್ಲಿ ಒಂಬತ್ತು-ಹತ್ತು ತಾಸು, ಶಂಷಾಬಾದಿನಲ್ಲಿ ಪಾಸ್‌ಪೋರ್ಟಿನ ಸಾಲು, ಅಲ್ಲಿಂದ ಜಹೀರಾಬಾದ್, ಹುಮನಾಬಾದ್ ದಾಟಿ ಕಾರಿನಲ್ಲಿ ಮತ್ತೆ ನಾಲ್ಕು ತಾಸು. ತಾಯಿಯ ಎರಡೂ ಪಾದ ಊದಿದ್ದವು. ಮಗನ ಕೈಯಲ್ಲಿ ಪಟ್ಟಿ: ಇವತ್ತೇ ಕೋಟೆ, ನಾಳೆ ಅಕ್ಕನಾಗಮ್ಮನ ಗವಿ, ಜಲಸಂಗಿ ಗುಡಿ, ಸಂಜೆ ಮಾಣಿಕನಗರ.

ನನ್ನಾಕೆ ಅಂದಳು: "ತಮ್ಮಾ, ಕೋಟಿ ಚಾಲುಕ್ಯರ ಕಾಲದಿಂದ ನಿಂತದ, ಒಂದಿನದಾಗ ಎಲ್ಲಿಗೆ ಹೋಗ್ತದ? ಮೊದಲ ಅವ್ವಾರು ಮಲಗಲಿ."

ಬಿಸಿನೀರಿನ ಸ್ನಾನ, ಹೆಸರುಬೇಳೆ ಅನ್ನ, ಕಾಲ ಕೆಳಗೆ ಎರಡು ತಲೆದಿಂಬು. ಮರುದಿನಕ್ಕೆ ಊತ ಇಳಿಯಿತು. ಮೂರನೇ ದಿನ ಎಳ್ಳಮಾಸಿ. ಆ ತಾಯಿ ನಮ್ಮ ಜೋಳದ ಸಾಲಿನಲ್ಲಿ ನಡೆದು ತಮ್ಮ ಕೈಯಾರೆ ಚರಗ ಚೆಲ್ಲಿದರು, ಭಜ್ಜಿ-ಸಜ್ಜೆ ರೊಟ್ಟಿ ಉಂಡರು. ತವರು ಬಿಟ್ಟ ಮೇಲೆ ಇದೇ ಮೊದಲ ಎಳ್ಳಮಾಸಿ ಅಂತ ಕಣ್ಣೊರೆಸಿಕೊಂಡರು. ಮೊದಲ ದಿನವೇ ಕೋಟೆ ಹತ್ತಿಸಿದ್ದರೆ ಈ ಭಾಗ್ಯ ಸಿಗುತ್ತಿತ್ತೇನ್ರಿ?

ನಿದ್ದೆಯ ಲೆಕ್ಕ

ಏಳನೇ ಇಯತ್ತೆಗೆ ಸಾಲಿ ಬಿಟ್ಟವ ನಾನು. ಈ ಲೆಕ್ಕ ಕಲಿಸಿದವರು ಅತಿಥಿಗಳೇ. ಚಳಿಗಾಲದಲ್ಲಿ ಲಂಡನ್ ಗಡಿಯಾರ ನಮಗಿಂತ ಐದೂವರೆ ತಾಸು ಹಿಂದೆ. ಅಲ್ಲಿ ರಾತ್ರಿ ಹತ್ತು ಅಂದರೆ ಇಲ್ಲಿ ನಸುಕಿನ ಮೂರೂವರೆ. ಅವರಿಗೆ ನಿದ್ದೆ ಹತ್ತುವ ಹೊತ್ತಿಗೆ ನಾವು ಏಳುತ್ತೇವೆ. ದೇಹ ದಿನಕ್ಕೆ ಸುಮಾರು ಒಂದು ತಾಸಿನಷ್ಟೇ ಹೊಂದಿಕೊಳ್ಳುತ್ತದೆ; ಮುಂಜಾನೆಯ ಬಿಸಿಲಿನಲ್ಲಿ ತಿರುಗಾಡಿದರೆ ಬೇಗ ಹೊಂದುತ್ತದೆ. ಸಂತೆಯಿಂದ ತಂದ ಎತ್ತನ್ನು ಅದೇ ದಿನ ನೊಗಕ್ಕೆ ಹೂಡುತ್ತೇವೇನು? ಮನುಷ್ಯರಿಗೂ ಹಾಗೆಯೇ.

ನಾವು ಪಾಲಿಸುವುದು

• ಫೋನಿನ ನಕ್ಷೆ ಬಂಡಿದಾರಿಗೆ ತಿರುಗಿಸುತ್ತದೆ. ನಾವೇ ಹೆದ್ದಾರಿಯ ಸಸ್ತಾಪುರ ಬಂಗ್ಲಾಕ್ಕೆ ಹೋಗಿ ಕರೆತರುತ್ತೇವೆ.

• ಕುಡಿಯಲು ಕಾಯಿಸಿ ಆರಿಸಿದ ನೀರು. ಖಾರದ ಊಟ ಎರಡನೇ ದಿನದ ನಂತರ.

• ಒಂದೇ ಕಾಲು ಊದಿ ನೋವಾದರೆ ಅಥವಾ ಉಸಿರು ಕಟ್ಟಿದರೆ ತಡಮಾಡದೆ ದವಾಖಾನೆಗೆ. ಬಹಳ ಹೊತ್ತು ಕುಳಿತು ಬಂದವರಿಗೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇರುತ್ತದೆ.

• ವಿದೇಶಿ ಪಾಸ್‌ಪೋರ್ಟಿನವರು ತಂಗಿದರೆ 24 ತಾಸಿನೊಳಗೆ ಸರಕಾರಕ್ಕೆ ಆನ್‌ಲೈನಿನಲ್ಲಿ ಮಾಹಿತಿ ಕೊಡಬೇಕು. ಸಣ್ಣ ಮನೆ ಅಂತ ವಿನಾಯಿತಿ ಇಲ್ಲ.

• ಏಪ್ರಿಲ್-ಮೇ ಬಿಸಿಲಿನಲ್ಲಿ ಖೋಲಿ ಕೊಡುವುದಿಲ್ಲ.

ಇನ್ನೊಂದು ಮಾತು. ಅತಿಥಿಗಳು ಬರುವ ಡಿಸೆಂಬರ್-ಜನವರಿಯಲ್ಲೇ ತೊಗರಿ ಕೊಯ್ಲು. ಒಬ್ಬರು ಹೊಲದಲ್ಲಿ, ಒಬ್ಬರು ಮನೆಯಲ್ಲಿ ಇರಲೇಬೇಕು. ಅದಕ್ಕೇ ನಮ್ಮದು ಒಂದೇ ಖೋಲಿ. ಇದ್ದ ಖೋಲಿಗೆ ಸುಣ್ಣ ಬಳಿದು, ಪಾಯಖಾನೆ ಚೊಕ್ಕ ಇಟ್ಟು ಶುರು ಮಾಡಿ. ಸಾಲ ಮಾಡಿ ಬಂಗಲೆ ಕಟ್ಟಬೇಡಿ. ಮಳೆ ಕೈಕೊಟ್ಟ ವರ್ಷ ಅತಿಥಿ ಬಾರದಿದ್ದರೂ ಸಾಲದ ಕಂತು ಮಾತ್ರ ತಪ್ಪದೆ ಬರುತ್ತದೆ.