ವಾಹನಕ್ಕಂಟಿದ ಡಾಂಬರು ಮತ್ತು ಸ್ಟಿಕ್ಕರ್ ಅಂಟು: ಬಣ್ಣ ಕೆಡದಂತೆ ತೆಗೆಯುವ ಕ್ರಮ

ವರ್ತಕರ ಆಸ್ತಿಪಟ್ಟಿಯಲ್ಲಿ ವಾಹನವೂ ಒಂದು ಮುಖ್ಯ ಬಾಬತ್ತು. ಹಿಂದೆ 48 ಎಂಬ ಸಂಖ್ಯೆಯಿದ್ದು, 2010ರಲ್ಲಿ 75 ಎಂಬ ಸಂಖ್ಯೆ ಪಡೆದ ರಾಷ್ಟ್ರೀಯ ಹೆದ್ದಾರಿಯು ಪಾಣೆಮಂಗಳೂರಿನಲ್ಲಿಯೇ ನೇತ್ರಾವತಿಯನ್ನು ದಾಟುತ್ತದೆ. ಮಳೆಗಾಲ ಮುಗಿದು ರಸ್ತೆಗೆ ತೇಪೆ ಹಾಕುವ ದಿನಗಳಲ್ಲಿ ನಮ್ಮ ವಾಹನಗಳ ಚಕ್ರ ಹಾಗೂ ಬಾಗಿಲುಗಳ ಕೆಳಭಾಗಕ್ಕೆ ಡಾಂಬರಿನ ಹನಿಗಳು ಅಂಟುವುದು ಸಾಮಾನ್ಯ. ಹಳೆಯ ಜಾಹೀರಾತು ಸ್ಟಿಕ್ಕರ್ ಕಿತ್ತಾಗ ಉಳಿಯುವ ಅಂಟಿನದೂ ಇದೇ ಸಮಸ್ಯೆ. ಆದರೆ ಹೆಚ್ಚಿನ ನಷ್ಟವಾಗುವುದು ಈ ಕಲೆಗಳಿಂದಲ್ಲ, ಅವನ್ನು ಅವಸರದಿಂದ ತೆಗೆಯುವುದರಿಂದ.

ಡಾಂಬರು ಕಚ್ಚಾ ತೈಲದ ಶೇಷವಾದುದರಿಂದ ನೀರು, ಸೋಪಿಗೆ ಕರಗದು. ಅದಕ್ಕೆ ತೈಲಮೂಲದ ದ್ರಾವಕವೇ ಬೇಕು. ಕಾರಿನ ಕಾರ್ಖಾನೆ ಬಣ್ಣದ ಎಲ್ಲ ಪದರಗಳೂ ಸೇರಿ ಸುಮಾರು 100ರಿಂದ 150 ಮೈಕ್ರಾನ್ ಮಾತ್ರ. ಬ್ಲೇಡು, ಉಕ್ಕಿನ ನಾರು, ಮರಳು ಕಾಗದಗಳನ್ನು ಬಳಸಿದರೆ ಮೇಲಿನ ಪಾರದರ್ಶಕ ಪದರವೇ ಹೋಗುತ್ತದೆ. ಥಿನ್ನರ್ ಬಣ್ಣವನ್ನೇ ಮೃದುವಾಗಿಸುತ್ತದೆ. ದೀಪದ ಪ್ಲಾಸ್ಟಿಕ್ಕನ್ನು ಬಿರಿಯಿಸುತ್ತದೆ. ಪೆಟ್ರೋಲಿನ ಆವಿಯು ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಉಷ್ಣತೆಯಲ್ಲಿಯೂ ಕಿಡಿಗೆ ಹೊತ್ತಿಕೊಳ್ಳಬಲ್ಲದು. ಆದುದರಿಂದ ಇವೆರಡನ್ನೂ ವರ್ಜಿಸತಕ್ಕದ್ದು.

ಅನುಸರಿಸಬೇಕಾದ ಕ್ರಮ ಹೀಗಿದೆ:

1. ವಾಹನವನ್ನು ನೆರಳಿನಲ್ಲಿ ನಿಲ್ಲಿಸಿ, ತಣಿದ ಮೇಲೆ ಮಣ್ಣು, ಮರಳು ಹೋಗುವಂತೆ ತೊಳೆಯಿರಿ.

2. ಪೇಂಟ್ ಅಂಗಡಿಯಲ್ಲಿ ಸಿಗುವ ಮಿನರಲ್ ಟರ್ಪೆಂಟೈನ್ ಅಥವಾ ಡಾಂಬರು ತೆಗೆಯಲೆಂದೇ ತಯಾರಿಸಿದ ದ್ರವವನ್ನು ಮರೆಯ ಜಾಗದಲ್ಲಿ ಮೊದಲು ಪರೀಕ್ಷಿಸಿರಿ. ಮರುಬಣ್ಣ ಮಾಡಿಸಿದ ವಾಹನಗಳಿಗೆ ಈ ಪರೀಕ್ಷೆ ಅತ್ಯಗತ್ಯ.

3. ದ್ರವದಲ್ಲಿ ತೊಯ್ಸಿದ ಮೆತ್ತನೆಯ ಬಟ್ಟೆಯನ್ನು ಕಲೆಯ ಮೇಲೆ ಒಂದೆರಡು ನಿಮಿಷ ಇರಿಸಿ, ಕರಗಿದ ಮೇಲೆ ಒರೆಸಿರಿ. ಬಟ್ಟೆಯ ಮಗ್ಗುಲನ್ನು ಆಗಾಗ ಬದಲಿಸಿರಿ; ಉಜ್ಜಬೇಡಿರಿ.

4. ಸ್ಟಿಕ್ಕರನ್ನು ಕೂದಲು ಒಣಗಿಸುವ ಯಂತ್ರದಿಂದ ಬೆಚ್ಚಗೆ ಮಾಡಿ, ಓರೆಯಾಗಿ ನಿಧಾನವಾಗಿ ಎಳೆಯಿರಿ. ಉಳಿದ ಅಂಟಿಗೆ ಮೇಲಿನ ಕ್ರಮವೇ ಸಾಕು.

5. ಚಕ್ರಗಳಿಗೆ ದ್ರವವನ್ನು ಸಿಂಪಡಿಸದೆ ಬಟ್ಟೆಯಿಂದಲೇ ಹಚ್ಚಿರಿ. ಬ್ರೇಕ್ ಡಿಸ್ಕಿಗೆ ಎಣ್ಣೆಯಂಶ ತಗುಲಿದರೆ ಬ್ರೇಕ್ ಹಿಡಿಯದು. ಟಯರಿನ ರಬ್ಬರಿಗೂ ಹಾನಿ. ಅಲ್ಯೂಮಿನಿಯಂ ಚಕ್ರಕ್ಕೆ ಕಾಸ್ಟಿಕ್ ಸೋಡಾ ತಾಗಕೂಡದು.

6. ಕೊನೆಗೆ ಶಾಂಪೂ ನೀರಿನಿಂದ ತೊಳೆದು ವ್ಯಾಕ್ಸ್ ಹಚ್ಚಿರಿ.

ಕೆಲಸಗಾರರಿಗೆ ಕೈಗವಸು ಕೊಡಿರಿ. ಗಾಳಿಯಾಡುವ ಸ್ಥಳದಲ್ಲಿ, ಬೆಂಕಿ ಬೀಡಿಗಳಿಂದ ದೂರವಿರಲಿ. ಬಳಸಿದ ಬಟ್ಟೆಯನ್ನು ಮುಚ್ಚಳವುಳ್ಳ ತಗಡಿನ ಡಬ್ಬದಲ್ಲಿರಿಸಿರಿ. ಹೊಳೆದಡದಲ್ಲಿ ಈ ಕೆಲಸ ಬೇಡ. ಇಲ್ಲಿಂದ ಕೆಳಕ್ಕೆ ಹರಿಯುವ ನೇತ್ರಾವತಿಯೇ ತುಂಬೆಯ ಅಣೆಕಟ್ಟಿನಲ್ಲಿ ನಿಂತು ಮಂಗಳೂರಿಗೆ ಕುಡಿಯುವ ನೀರಾಗುತ್ತದೆ.

ಇನ್ನು ಲೆಕ್ಕದ ಮಾತು. ಬಣ್ಣ ಕೆಟ್ಟು ಗ್ಯಾರೇಜಿನಲ್ಲಿ ಮರುಬಣ್ಣ ಮಾಡಿಸಿದರೆ ಶೇ. 18ರ ಜಿ.ಎಸ್.ಟಿ. ಸೇರುತ್ತದೆ. ವ್ಯವಹಾರಕ್ಕೆಂದು ಬಳಸುವ ಸರಕು ವಾಹನವಾದರೆ, ನಿಯತ ನೋಂದಣಿಯುಳ್ಳವರಿಗೆ ಈ ತೆರಿಗೆಯ ಹೂಡುವಳಿ ಜಮೆ ಸಾಮಾನ್ಯವಾಗಿ ದೊರೆಯುತ್ತದೆ. ಆದರೆ ಚಾಲಕನೂ ಸೇರಿ 13 ಮಂದಿಗಿಂತ ಹೆಚ್ಚು ಆಸನವಿಲ್ಲದ ಪ್ರಯಾಣಿಕ ಕಾರಿನ ದುರಸ್ತಿಗೆ, ವಾಹನ ಮಾರಾಟ, ಪ್ರಯಾಣಿಕ ಸಾರಿಗೆ, ಚಾಲನಾ ತರಬೇತಿಯ ವ್ಯವಹಾರಗಳ ಹೊರತು, ಆ ಜಮೆ ಇಲ್ಲ. ತೆರಿಗೆಯೂ ಪೂರ್ತಿ ಖರ್ಚೇ. ಬಿಲ್ಲಿನಲ್ಲಿ ವಾಹನದ ನೋಂದಣಿ ಸಂಖ್ಯೆಯನ್ನು ಬರೆಯಿಸಿಕೊಂಡರೆ ವರ್ಷಾಂತ್ಯದಲ್ಲಿ ಇವೆರಡನ್ನು ಬೇರ್ಪಡಿಸುವುದು ಸುಲಭ.

ಹನಿ ಹಸಿಯಾಗಿರುವಾಗಲೇ ಅರ್ಧ ಗಂಟೆ ವ್ಯಯಿಸುವುದು ಇದೆಲ್ಲಕ್ಕಿಂತ ಅಗ್ಗ.